ಅಲ್ಲಿ ಬೆಚ್ಚಗಾದ್ರೆ ಒಳ್ಳೇದೇ ಅಲ್ವಾ?

ರಜೆಗೆ ಸ್ವೀಡನ್ನಿನಿಂದ ಬೆಂಗಳೂರಿಗೆ ಬಂದಾಗಲೆಲ್ಲ ಹನುಮಂತನಗರದ ನಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಈ ಸಲ ಕೇಳಿದ್ದು ಎದುರುಮನೆ ಮೇಷ್ಟ್ರು. "ಭೂಮಿ ಬಿಸಿಯಾಗ್ತಿದೆ ಅಂತಾರೆ. ನೀನಿರೋದು ಅಷ್ಟೊಂದು ಚಳಿ ಇರೋ ದೇಶ. ಸ್ವಲ್ಪ ಬೆಚ್ಚಗಾದ್ರೆ ಅವರಿಗೆ ಒಳ್ಳೇದೇ ಅಲ್ವೇನಮ್ಮಾ?" ಗೇಟಿನ ಹತ್ತಿರ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಉತ್ತರ ಸ್ವೀಡನ್ನಿನ ಉಮೆಯೊ ಊರಿನಲ್ಲಿ. ಕೆಲಸ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಕಾಡಿನ ತೊರೆಗಳಿಂದ ಬಾಟಲಿ ಬಾಟಲಿ ನೀರು ಬರುತ್ತದೆ. ಒಮ್ಮೊಮ್ಮೆ ನಾವೇ ಹೋಗಿ ತುಂಬಿಸಿಕೊಂಡು ಬರುತ್ತೇವೆ. ಚಳಿಗಾಲದಲ್ಲಿ ಮೊದಲು ಮೇಲಿನ ಮಂಜುಗಡ್ಡೆ ಒಡೆಯಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಆಮೇಲೆ ತುಂಬಿಸಿ, ಗಾಳಿ ಉಳಿಯದ ಹಾಗೆ ಮುಚ್ಚಳ ತಿರುಗಿಸಬೇಕು. ದಪ್ಪ ಕೈಗವಸಿನಲ್ಲಿ ಆ ಮುಚ್ಚಳ ಹಿಡಿತಕ್ಕೆ ಸಿಗುವುದಿಲ್ಲ. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ.

ಬಾಟಲಿಯಲ್ಲಿರುವ ನೀರು ಕಂದು. ಕಾಫಿ ಫಿಲ್ಟರಿಗೆ ಎರಡನೇ ಸಲ ಬಿಸಿನೀರು ಹಾಕಿದರೆ ಇಳಿಯುವ ತೆಳು ಡಿಕಾಕ್ಷನ್ ಬಣ್ಣ. ಕೊಳಕು ಅಂತಲ್ಲ. 0.45 ಮೈಕ್ರಾನ್ ರಂಧ್ರದ ಫಿಲ್ಟರಿನಲ್ಲಿ ಸೋಸಿದರೂ ಬಣ್ಣ ಹೋಗುವುದಿಲ್ಲ. ಎಲೆ, ಬೇರು, ನೆಲದ ಮೇಲಿನ ಪಾಚಿ (ಮಾಸ್) ಅರ್ಧಂಬರ್ಧ ಕೊಳೆತು ಬಿಟ್ಟ ಸಾವಯವ ಇಂಗಾಲ ಅದರಲ್ಲಿ ಕರಗಿದೆ. ನೀರು ಬಂಡೆಗೆ ಬಡಿಯುವ ಕಡೆ ಅದೇ ಇಂಗಾಲದಿಂದ ನೊರೆಯೂ ಏಳುತ್ತದೆ. ಫೋಟೊ ನೋಡಿ ಅಮ್ಮ ಗಾಬರಿಯಾದರು: "ಏನೇ ಇದು, ನಮ್ ಬೆಳ್ಳಂದೂರು ಕೆರೆ ಇದ್ದಂಗಿದೆ!" ಬೆಳ್ಳಂದೂರಿನ ನೊರೆ ಚರಂಡಿ ನೀರಿನದು, ಸೋಪಿನಪುಡಿಯದು. ಇಲ್ಲಿನ ನೊರೆ ಕಾಡಿನದೇ.

ಇಷ್ಟೊಂದು ಇಂಗಾಲ ಎಲ್ಲಿಂದ ಬಂತು? ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಚಿಕ್ಕಪ್ಪನಿಗೆ ರಾಗಿ ಹೊಲ ಇದೆ. ಅವರ ಮಣ್ಣು ಆರೋಗ್ಯ ಕಾರ್ಡಿನಲ್ಲಿ 'ಸಾವಯವ ಇಂಗಾಲ' ಅಂತ ಒಂದು ಸಾಲಿದೆ, ಪಕ್ಕದಲ್ಲಿ 'ಕಡಿಮೆ' ಅಂತ ಬರೆದಿದೆ. ಶೇಕಡ 0.5ಕ್ಕಿಂತ ಕೆಳಗೆ ಅಂತ ಅರ್ಥ. ನಮ್ಮ ಬಿಸಿಲಿಗೆ ತಿಪ್ಪೆಗೊಬ್ಬರ ಎಷ್ಟು ಹಾಕಿದರೂ ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ತಿಂದು ಮುಗಿಸುತ್ತವೆ. ಉಮೆಯೊ ಸುತ್ತ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ 600 ಮಿ.ಮೀ. ಆಸುಪಾಸು. ಬೆಂಗಳೂರಿಗಿಂತ ಕಡಿಮೆ. ಆದರೆ ಆ ಚಳಿಗೆ ನೀರು ಆವಿಯಾಗುವುದೇ ಅಷ್ಟಕ್ಕಷ್ಟೆ. ತಗ್ಗಿನಲ್ಲೆಲ್ಲ ನೀರು ನಿಂತು ಜೌಗಾಗುತ್ತದೆ, ಕೆಳಗೆ ಗಾಳಿಯಾಡುವುದಿಲ್ಲ, ಸತ್ತ ಪಾಚಿ ಪೂರ್ತಿ ಕೊಳೆಯುವುದೇ ಇಲ್ಲ. ಹಾಗೆ ಪದರ ಪದರವಾಗಿ ಕೂತ ಪೀಟ್ ಮಣ್ಣನ್ನು ಒಣಗಿಸಿ ತೂಗಿದರೆ ಅರ್ಧದಷ್ಟು ಬರೀ ಇಂಗಾಲ. ಒಂದು ಮೀಟರ್ ಪೀಟ್ ಕಟ್ಟಿಕೊಳ್ಳಲು ಸಾವಿರ ವರ್ಷವೂ ಸಾಲದು.

ಇನ್ನೂ ಉತ್ತರಕ್ಕೆ ಹೋದರೆ ಬೇಸಿಗೆಯಲ್ಲೂ ಕರಗದ ನೆಲ, ಪರ್ಮಾಫ್ರಾಸ್ಟ್. ಉತ್ತರದ ಆ ನೆಲದಲ್ಲಿರುವ ಇಂಗಾಲ ಗಾಳಿಯಲ್ಲಿರುವುದಕ್ಕಿಂತ ಸುಮಾರು ಎರಡು ಪಟ್ಟು. 1979ರಿಂದ ಈಚೆಗೆ ಆರ್ಕ್‌ಟಿಕ್ ಪ್ರದೇಶ ಪ್ರಪಂಚದ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಸ್ವೀಡನ್ನಿನ ಉತ್ತರ ತುದಿಯ ಅಬಿಸ್ಕೊ ಊರಿನ ಹತ್ತಿರದ ಸ್ಟೂರ್ಡಾಲೆನ್ ಜೌಗಿನಲ್ಲಿ ಆ ನೆಲ ಕರಗಿ ಕುಸಿಯುತ್ತಿದೆ. ಕುಸಿದಲ್ಲಿ ನೀರು ನಿಲ್ಲುತ್ತದೆ, ಅಲ್ಲಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಏಳುತ್ತದೆ.

ಮೇಷ್ಟ್ರಿಗೆ ನಾನು ಮುಖ್ಯವಾಗಿ ಹೇಳಬೇಕಿದ್ದದ್ದು ಚಳಿಗಾಲದ ಸಂಗತಿ. ಹಿಮದೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ನೆಲದ ಶಾಖ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಹೊರಗೆ ಮೈನಸ್ 20 ಡಿಗ್ರಿ ಇದ್ದರೂ ದಪ್ಪ ಹಿಮದ ಕೆಳಗೆ ಮಣ್ಣು ಸೊನ್ನೆಯ ಹತ್ತಿರವೇ ಇರುತ್ತದೆ. ಹವೆ ಬೆಚ್ಚಗಾಗಿ ಹಿಮ ತೆಳುವಾಯಿತು ಅಂದುಕೊಳ್ಳಿ. ಮುಂದಿನ ಸಲ ಚಳಿ ಬಿಗಿಯಾದಾಗ ಮಣ್ಣು ಬರಿಮೈಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಆಳದವರೆಗೆ ಹೆಪ್ಪುಗಟ್ಟುತ್ತದೆ. ಹವೆ ಬಿಸಿಯಾದಷ್ಟೂ ಮಣ್ಣು ತಣ್ಣಗೆ! ಉಮೆಯೊದಿಂದ ಸುಮಾರು 60 ಕಿ.ಮೀ. ದೂರದ ಕ್ರಿಕ್ಲಾನ್ ಕಾಡಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ತೊರೆಯ ದಂಡೆಯಲ್ಲಿ ಒಂದು ಕಡೆ ಸೂರು ಕಟ್ಟಿ ಹಿಮ ಬೀಳದ ಹಾಗೆ ಮಾಡಿದರು. ಇನ್ನೊಂದು ಕಡೆ ಥರ್ಮಾಕೋಲ್ ಕಾಳು ತುಂಬಿದ ಚೀಲ ಹೊದಿಸಿ ಮಣ್ಣನ್ನು ಬೆಚ್ಚಗಿಟ್ಟರು. ಆಳಕ್ಕೆ ಹೆಪ್ಪುಗಟ್ಟಿದ ಮಣ್ಣಿನ ನೀರಿನಲ್ಲೇ ಕರಗಿದ ಇಂಗಾಲ ಜಾಸ್ತಿ ಸಿಕ್ಕಿತು. ಬೇರು, ಸೂಕ್ಷ್ಮಜೀವಿಗಳು ಚಳಿಗೆ ಒಡೆದು ತಮ್ಮೊಳಗಿನದನ್ನು ಬಿಟ್ಟುಕೊಡುತ್ತವೆ.

ಮೇ ತಿಂಗಳಲ್ಲಿ ಹಿಮ ಕರಗುವಾಗ ಇದೆಲ್ಲ ಹೊಳೆಗೆ ಇಳಿಯುತ್ತದೆ. ಕಾಡಿನ ತೊರೆಯಲ್ಲಿ ಆಗ ಬಣ್ಣ ಗಾಢವಾಗುತ್ತದೆ. ಏರಿದ ನೀರು ದಂಡೆಯ ಮೇಲ್ಪದರದ ಕಪ್ಪು ಮಣ್ಣಿನ ಮೂಲಕ ಹಾದು ಬರುತ್ತದಲ್ಲ, ಅದಕ್ಕೆ. ಜೌಗಿನಿಂದ ಹೊರಡುವ ತೊರೆಯಲ್ಲಿ ಉಲ್ಟಾ: ಹಿಮದ ನೀರು ಸೇರಿ ತಿಳಿಯಾಗುತ್ತದೆ.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ಸರಿಯಲ್ಲ. ಯುರೋಪಿನ ಉತ್ತರ ಭಾಗದ ಹೊಳೆ ಕೆರೆಗಳು ಕೆಲವು ದಶಕಗಳಿಂದ ಕಂದಾಗುತ್ತಿವೆ. ಆಮ್ಲಮಳೆ ಕಡಿಮೆಯಾದದ್ದು ಅದಕ್ಕೆ ದೊಡ್ಡ ಕಾರಣ ಎಂದು 2007ರ ಒಂದು ಅಧ್ಯಯನ ತೋರಿಸಿತು. ಆಮ್ಲಮಳೆ ತರುತ್ತಿದ್ದ ಗಂಧಕದ ಹೊಗೆ ಕಡಿಮೆಯಾದ ಮೇಲೆ ಮಣ್ಣಿನ ಇಂಗಾಲ ಸುಲಭವಾಗಿ ಕರಗತೊಡಗಿತು. ಒಳ್ಳೆಯ ಕೆಲಸದಿಂದ ಬಂದ ಬದಲಾವಣೆ ಅದು. ಅದರ ಮೇಲೆ ಈಗ ಹವಾಮಾನದ ಭಾರವೂ ಬಿದ್ದಿದೆ.

ಬಣ್ಣ ಬಂದರೆ ಏನಾಯ್ತು ಅಂತೀರಾ? ಕಂದು ಕೆರೆಯಲ್ಲಿ ಬೆಳಕು ತಳ ಮುಟ್ಟುವುದಿಲ್ಲ, ತಳದ ನೀರುಪಾಚಿ (ಆಲ್ಗೆ) ಬೆಳೆಯುವುದಿಲ್ಲ, ಮೀನು ಕಡಿಮೆಯಾಗುತ್ತದೆ. ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರಿಗೆ ಹಾಕುವ ಹಾಗೆ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದರೆ, ಅದು ಈ ಇಂಗಾಲದ ಜೊತೆ ಸೇರಿ ಟ್ರೈಹ್ಯಾಲೊಮೀಥೇನ್ ಎಂಬ ಕೆಟ್ಟ ರಾಸಾಯನಿಕಗಳಾಗುತ್ತವೆ. ಮೊದಲೇ ಇಂಗಾಲ ತೆಗೆಯಬೇಕು, ಖರ್ಚು ಏರುತ್ತದೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಹೊಳೆಗಿಳಿದ ಇಂಗಾಲದಲ್ಲಿ ದೊಡ್ಡ ಪಾಲು ಸಮುದ್ರ ಸೇರುವ ಮೊದಲೇ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಆ ಗಾಳಿಗೆ ಸ್ವೀಡನ್, ಹನುಮಂತನಗರ ಎಂಬ ಗಡಿ ಇಲ್ಲ.

ಹಿಂದೆ ಮರ ಚೆನ್ನಾಗಿ ಬೆಳೆಯಲಿ ಅಂತ ಸ್ವೀಡನ್ನಿನ ಜೌಗುಗಳಲ್ಲಿ ಕಾಲುವೆ ತೋಡಿ ನೀರು ಬಸಿದಿದ್ದರು. ಪೀಟ್ ಒಣಗಿ ಗಾಳಿ ಒಳಹೊಕ್ಕಿತು, ಇಂಗಾಲ ಹೊರಬಿತ್ತು. ಕ್ರಿಕ್ಲಾನ್ ಸಮೀಪದ ಟ್ರೊಲ್‌ಬೆರಿಯೆಟ್‌ನಲ್ಲಿ 2020ರಲ್ಲಿ ಅಂಥ ಕಾಲುವೆಗಳನ್ನು ಮುಚ್ಚಿ ಜೌಗನ್ನು ಮತ್ತೆ ನೆನೆಸಿದರು. ಹೀಗೆ ನೆನೆಸಿದ ಕಡೆ ಮೊದಲ ಕೆಲವು ವರ್ಷ ಮೀಥೇನ್ ಹೆಚ್ಚಬಹುದು, ನೀರಿನ ಬಣ್ಣವೂ ಏರಬಹುದು. ಆದರೂ ಮುಚ್ಚಲೇಬೇಕು ಅಂತ ನನ್ನ ಅಭಿಪ್ರಾಯ. ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇರುತ್ತದೆ. ಒಣಗಿ ಹೋದ ಪೀಟ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ವಾಪಸ್ ಬರುವುದಿಲ್ಲ.