ಪಟ್ಟಿಗೆ ಸೇರಿಸಿದ ಎರಡು ಕಾಲಂ

ಓದು ಬಿಟ್ಟು, ಕಾಯಂ ಕೆಲಸವೂ ಸಿಗದೆ ಉಳಿದ ಹುಡುಗ ಹುಡುಗಿಯರನ್ನು ಹುಡುಕುವುದು ನಮ್ಮ ತಂಡದ ಕೆಲಸ. ಕಾರವಾರದಿಂದ ಕುಮಟಾವರೆಗಿನ ಪಟ್ಟಿ ನಾನು ನೋಡಿಕೊಳ್ಳುತ್ತೇನೆ. ಹೆಸರು, ಊರು, ಫೋನ್, ಶಾಲೆ ಬಿಟ್ಟ ವರ್ಷ. ಇಷ್ಟಿದ್ದರೆ ಎಷ್ಟು ಮಂದಿ ಅಂತ ಹೇಳಬಹುದು. ಯಾರಿಗೆ ಏನು ಬೇಕು ಅಂತ ಹೇಳಲಾಗದು.

ಹಾಗಾಗಿ ಎಸ್ಸೆಸ್ಸೆಲ್ಸಿ ಪಾಸಾಗದವರ ಹೆಸರಿನ ಮುಂದೆ 'ಬಾಕಿ ವಿಷಯ' ಅಂತ ಒಂದು ಕಾಲಂ ಸೇರಿಸಿದೆವು. ಬಾಯಿಮಾತಿಗೆ ತುಂಬುವುದಿಲ್ಲ, ಅಂಕಪಟ್ಟಿ ನೋಡಿಯೇ ತುಂಬುತ್ತೇವೆ. ಎಷ್ಟೋ ಮಂದಿಗೆ ಗಣಿತ ಒಂದೇ ಉಳಿದಿರುತ್ತದೆ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ ಅನ್ನುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಐದು ಆಗಿದೆ, ಒಂದು ಉಳಿದಿದೆ ಅಂತ ತೋರಿಸಿದಾಗ ತಾಯಂದಿರು ಒಳಗೆ ಕರೆದು ಕೂರಿಸುತ್ತಾರೆ. ಓದು ಬೇಡವೇ ಬೇಡ ಅನ್ನುವವರಿಗೂ ದಾರಿ ಇದೆ. ಐಟಿಐಯಲ್ಲಿ ವೆಲ್ಡರ್‌ನಂಥ ಕೆಲವು ಟ್ರೇಡ್‌ಗೆ 8ನೇ ತರಗತಿ ಪಾಸಾಗಿದ್ದರೆ ಸಾಕು.

ಇನ್ನೊಂದು ಕಾಲಂ, 'ದುಡಿಯುವ ತಿಂಗಳು'. ಇದು ನನಗೆ ಜಾಸ್ತಿ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲ, ತದಡಿ ಬಂದರುಗಳಲ್ಲಿ ಬೋಟುಗಳು ದಡದಲ್ಲಿ, ಹುಡುಗರು ಮನೆಯಲ್ಲಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯಿತು. ಎರಡನೆಯದು ಜೂನ್‌ನಲ್ಲೇ ಬಂತು. ಆದರೆ ಅರ್ಜಿ ಹಾಕುವ ದಿನ ಅದಕ್ಕೂ ಮೊದಲೇ ಮುಗಿಯುತ್ತದೆ, ಆಗ ಹುಡುಗ ಇನ್ನೂ ಸಮುದ್ರದಲ್ಲಿರುತ್ತಾನೆ. ಹಾಗಾಗಿ ಈ ಕಾಲಂನಲ್ಲಿ 'ಬೋಟು' ಅಂತ ಇದ್ದರೆ ನಾವು ಮೊದಲು ಮನೆಯವರ ಹತ್ತಿರ ಮಾತಾಡುತ್ತೇವೆ. ಆಗಸ್ಟ್‌ನಲ್ಲಿ ಹೋದರೆ ಯಾರೂ ಸಿಗುವುದಿಲ್ಲ. ಘಟ್ಟದ ಮೇಲೆ, ಶಿರಸಿ ಕಡೆ, ಅಡಿಕೆ ಕೊಯ್ಲಿನ ಕಾಲ ನೋಡಿಕೊಳ್ಳಬೇಕು.

ಶಾಲೆಗಳ ಲೆಕ್ಕದಲ್ಲಿ ಶಿರಸಿ ಬೇರೆಯೇ ಶೈಕ್ಷಣಿಕ ಜಿಲ್ಲೆ, ಯಲ್ಲಾಪುರ ಅದಕ್ಕೆ ಸೇರುತ್ತದೆ, ಅಂಕೋಲಾ ನಮ್ಮ ಕಡೆಗೆ. ಯಲ್ಲಾಪುರದಲ್ಲಿ ಶಾಲೆ ಬಿಟ್ಟು ಅಂಕೋಲಾದಲ್ಲಿ ದುಡಿಯುವ ಹುಡುಗನ ಹೆಸರು ಆ ಕಡೆಯ ಪಟ್ಟಿಯಲ್ಲಿ, ಹುಡುಗ ಈ ಕಡೆ. ಎರಡು ಪಟ್ಟಿ ಜೋಡಿಸಲು ಹೋದರೆ ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಹುಟ್ಟಿದ ದಿನ, ತಾಯಿಯ ಹೆಸರು ಎರಡೂ ಹೊಂದಿದರೆ ಮಾತ್ರ ಒಬ್ಬನೇ ಅಂತ ಒಪ್ಪುತ್ತೇವೆ. ನಿಧಾನದ ಕೆಲಸ, ಆದರೆ ಬೇರೆಯವರ ಮನೆ ಬಾಗಿಲು ತಟ್ಟಬಾರದು ಅಲ್ವಾ?

ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಲು ನಾನು ಬಿಡುವುದಿಲ್ಲ. ಯಾರು ಯಾವ ವಿಷಯದಲ್ಲಿ ಫೇಲಾದರು ಅನ್ನುವುದು ಊರಿಗೆಲ್ಲ ಗೊತ್ತಾಗಬೇಕಾಗಿಲ್ಲ. ಒಂದು ಕೇರಿಗೆ ಹೋಗುವವರಿಗೆ ಆ ಕೇರಿಯ ಹೆಸರು ಮಾತ್ರ ಕೊಡುತ್ತೇವೆ. ಹುಡುಗಿಯರ ಮನೆಗೆ ನಮ್ಮ ತಂಡದ ಹೆಣ್ಣುಮಕ್ಕಳೇ ಹೋಗುತ್ತಾರೆ.