ಏದುಸಿರಿನಿಂದ ಮರಳಿ ಬರುವ ಅಭ್ಯಾಸ

ಮನಸ್ಸಿನ ನೆಮ್ಮದಿಗೆಂದು ಕರಾಟೆಯೋ ಜೂಡೋವೋ ಕಲಿಯಲು ಹೊರಟವರಿಗೆ ಮೊದಲು ಸಿಗುವ ಸಲಹೆ ಒಂದೇ: "ಒಳಗಿನ ಸಿಟ್ಟನ್ನೆಲ್ಲ ಹೊರಗೆ ಹಾಕು, ಹಗುರಾಗ್ತೀಯ." ಈ ಸಲಹೆ ತಪ್ಪು. ಸಿಟ್ಟು ತರಿಸಿದವರ ಮುಖವನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗ್‌ಗೆ ಗುದ್ದಿದರೆ ಸಿಟ್ಟು ಇಳಿಯುವುದಿಲ್ಲ, ಕುದಿಯುತ್ತಲೇ ಇರುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾಗೆ ಗುದ್ದಿದವರು ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು.

ಸಮರಕಲೆಯಿಂದ ಮನಸ್ಸಿಗೆ ಒದಗುವ ಉಪಕಾರವೇ ಬೇರೆ. ದೇಹವನ್ನು ಬೇಕೆಂದೇ ಉದ್ವೇಗಕ್ಕೆ ಏರಿಸುವುದು, ಆಮೇಲೆ ಅದನ್ನು ಇಳಿಸುವುದು. ಆತಂಕ ಇರುವವರಿಗೆ ಎದೆ ಡವಡವ ಎಂದ ಕೂಡಲೇ ಏನೋ ಅನಾಹುತ ಆಗಲಿದೆ ಅನ್ನಿಸುತ್ತದೆ. ಆ ಹೆದರಿಕೆಗೆ ಬಡಿತ ಇನ್ನೂ ಜೋರಾಗುತ್ತದೆ, ಅದನ್ನು ಕಂಡು ಹೆದರಿಕೆ ಇನ್ನಷ್ಟು ಏರುತ್ತದೆ. ಎರಡು ನಿಮಿಷದ ಸ್ಪ್ಯಾರಿಂಗ್‌ನಲ್ಲೂ, ಅಂದರೆ ಜೊತೆಗಾರನೊಡನೆ ನಡೆಸುವ ಅಭ್ಯಾಸದ ಸೆಣಸಾಟದಲ್ಲೂ, ಅದೇ ಬಡಿತ, ಅದೇ ಬೆವರು, ಅದೇ ಏದುಸಿರು. ಆದರೆ ಅನಾಹುತವೇನೂ ಆಗುವುದಿಲ್ಲ. ಒಂದು ನಿಮಿಷದಲ್ಲಿ ಎಲ್ಲ ಇಳಿಯತೊಡಗುತ್ತದೆ. ಇದು ನೂರಾರು ಸಲ ಆದ ಮೇಲೆ ಎದೆ ಬಡಿತದ ಅರ್ಥವೇ ಬದಲಾಗುತ್ತದೆ. ಆತಂಕದ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ರೋಗಿಯನ್ನು ನಿಂತಲ್ಲೇ ಓಡಿಸಿ, ಗಿರಗಿರ ತಿರುಗಿಸಿ ಮಾಡಿಸುವ ಅಭ್ಯಾಸಗಳ ಹಿಂದಿರುವುದೂ ಇದೇ ತತ್ವ.

ಹಾಗಾಗಿ ನನ್ನ ಮಟ್ಟಿಗೆ ತರಗತಿಯ ಅತ್ಯಂತ ಮುಖ್ಯ ಹೊತ್ತು ಸುತ್ತುಗಳ ನಡುವಿನ ಆ ಒಂದು ನಿಮಿಷ. ಹೆಚ್ಚಿನವರು ಅದನ್ನು ನೀರು ಕುಡಿದು, ಮಾತಾಡಿ ಕಳೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲ 20-30 ಸೆಕೆಂಡು ಉಸಿರನ್ನು ಅದರ ಪಾಡಿಗೆ ಬಿಡಿ. ಬಾಯಿಂದ ಬಂದರೂ ಸರಿ, ಮಂಡಿಯ ಮೇಲೆ ಕೈಯೂರಿ ಬಗ್ಗಿದರೂ ಸರಿ. ಆಮೇಲೆ ಹೊರಬಿಡುವ ಉಸಿರನ್ನಷ್ಟೇ ಸ್ವಲ್ಪ ಉದ್ದ ಮಾಡಿ. ಬಡಿತ ಇಳಿದ ಮೇಲೆ ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಎಣಿಕೆ ಸೆಕೆಂಡಿಗೊಂದರಂತೆ ನಡೆದರೆ ನಿಮಿಷಕ್ಕೆ ಆರು ಉಸಿರು. ಸುತ್ತು ಮುಗಿದ ಕ್ಷಣವೇ ನಾಲ್ಕು-ಆರಕ್ಕೆ ಕೈಹಾಕುವುದು ಎಲ್ಲರೂ ಮಾಡುವ ತಪ್ಪು. ಸ್ನಾಯುಗಳಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕಾದ ಹೊತ್ತಿನಲ್ಲಿ ಉಸಿರನ್ನು ನಿಧಾನಕ್ಕೆ ಎಳೆದರೆ ಉಸಿರುಗಟ್ಟಿದಂತಾಗುತ್ತದೆ, ಗಾಬರಿ ಇಳಿಯುವ ಬದಲು ಏರುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪು, ಸುಮ್ಮನೆ ನಿಂತಾಗಲೂ ಆಳವಾಗಿ ಬೇಗಬೇಗ ಉಸಿರಾಡುವುದು. ಆಗ ರಕ್ತದಲ್ಲಿ ಅದೇ ಅನಿಲ ತೀರಾ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ.

ಹೊಡೆಯುವಾಗ ಉಸಿರು ಹಿಡಿಯುವುದಂತೂ ಹೊಸಬರೆಲ್ಲರಲ್ಲೂ ಇದೆ. ಕಿಯಾಯ್, ಅಂದರೆ ಹೊಡೆತದ ಜೊತೆಗೆ ಹಾಕುವ ಜೋರು ಕೂಗು, ಅದನ್ನು ತಪ್ಪಿಸುತ್ತದೆ: ಕೂಗಿದರೆ ಉಸಿರು ಹಿಡಿದಿಡಲು ಆಗುವುದಿಲ್ಲ. ಸದ್ದು ಗಂಟಲಿನಿಂದ ಬಂದರೆ ಗಂಟಲು ಕೆರೆಯುತ್ತದೆ, ಹೊಟ್ಟೆ ಬಿಗಿದು ಬಂದರೆ ಇಲ್ಲ. ನಾಚಿಕೆ ಬಿಟ್ಟು ಕೂಗಿ.

ಖಿನ್ನತೆಯಲ್ಲಿ ತೊಂದರೆಯ ಬಗೆ ಬೇರೆ. ಅಲ್ಲಿ ಒಂದೇ ಯೋಚನೆ ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಅದಕ್ಕೆ ಕಾಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ, ಒಳ್ಳೆಯದು. ಶೋಟೋಕಾನ್ ಶೈಲಿಯ ಕರಾಟೆಯ ಹೆಯಾನ್ ಶೋದಾನ್ ಎಂಬ ಕಾಟಾದಲ್ಲಿ 21 ಚಲನೆಗಳಿವೆ, 9 ಮತ್ತು 17ರಲ್ಲಿ ಕಿಯಾಯ್. ಒಂಬತ್ತನೆಯದರಲ್ಲಿ ಜೋರಾಗಿ ಕೂಗಿದ ಬೆನ್ನಿಗೇ ಹಿಂದಿನ ಕಾಲನ್ನು ಬಳಸಿ ತಂದು ಮುಕ್ಕಾಲು ಸುತ್ತು ತಿರುಗಬೇಕು. ಕೂಗು ಮುಗಿಯಿತು ಅಂದ ಕೂಡಲೇ ಮನಸ್ಸು ಸಡಿಲಗೊಳ್ಳುತ್ತದೆ, ಯೋಚನೆ ಒಳನುಗ್ಗುತ್ತದೆ, ಕಾಲು ಅರ್ಧದಲ್ಲೇ ಊರುತ್ತದೆ. ಎರಡೂ ಪಾದ ಒಂದೇ ಗೆರೆಯ ಮೇಲೆ ಬಂದು ದೇಹ ತೂರಾಡುತ್ತದೆ. ಪಾದಗಳ ನಡುವೆ ಭುಜದಗಲ ಅಂತರ ಉಳಿದಿದೆಯೇ ಎಂದು ನೋಡಿ. ಉಳಿದಿಲ್ಲವಾದರೆ ಗಮನ ಎಲ್ಲಿ ಜಾರಿತು ಎಂಬುದು ನೆಲದ ಮೇಲೆಯೇ ಬರೆದಂತಿರುತ್ತದೆ. ಕಣ್ಣು ಮುಚ್ಚಿ ಕೂತ ಧ್ಯಾನದಲ್ಲಿ ಮನಸ್ಸು ಅಲೆದದ್ದು ಎಷ್ಟೋ ಹೊತ್ತು ತಿಳಿಯುವುದೇ ಇಲ್ಲ, ಇಲ್ಲಿ ತಕ್ಷಣ ತಿಳಿಯುತ್ತದೆ. ಬೈದುಕೊಳ್ಳದೆ ಮುಂದಿನ ಚಲನೆಗೆ ಹೋಗಿ. ಜಪಾನಿಯರು ಮುಶಿನ್ ಎನ್ನುವುದನ್ನು ಯೋಚನೆಯೇ ಬಾರದ ಸ್ಥಿತಿ ಎಂದು ತಿಳಿದು ಅದಕ್ಕಾಗಿ ಹೆಣಗುವವರಿದ್ದಾರೆ. ಯೋಚನೆ ಬರಲಿ, ಅದಕ್ಕೆ ಅಂಟಿಕೊಳ್ಳದಿದ್ದರಾಯಿತು.

ಹಾಸಿಗೆಯಿಂದ ಏಳಲೇ ಆಗದ ದಿನಗಳಿಗೆ ಮೊದಲೇ ಒಂದು ಕನಿಷ್ಠ ಗೊತ್ತುಮಾಡಿಡಿ: ಸಮವಸ್ತ್ರ ತೊಡುವುದು, ಒಂದೇ ಕಾಟಾವನ್ನು ನಿಧಾನವಾಗಿ ಮೂರು ಸಲ ಮಾಡುವುದು, ಅಷ್ಟೇ. ಹುಮ್ಮಸ್ಸು ಬಂದ ಮೇಲೆ ಮಾಡುತ್ತೇನೆ ಅಂದರೆ ಅದು ಬರುವುದಿಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ.

ಇನ್ನು ಬೀಳುವುದು, ಅಂದರೆ ಉಕೆಮಿ. ಮನಸ್ಸಿಗಾಗಿ ಬಂದವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ. ಮೊದಲು ಮಲಗಿದಲ್ಲೇ: ಗದ್ದ ಎದೆಗೆ, ಕಣ್ಣು ಸೊಂಟದ ಪಟ್ಟಿಯ ಕಡೆಗೆ, ತೋಳುಗಳು ದೇಹದಿಂದ 30-45 ಡಿಗ್ರಿ ದೂರದಲ್ಲಿ, ಅಂಗೈ ಕೆಳಗೆ. ಉಸಿರು ಬಿಡುತ್ತ ಮುಂಗೈ ಸಮೇತ ಮ್ಯಾಟ್‌ಗೆ ಬಡಿಯಿರಿ. ಆಮೇಲೆ ಕೂತು, ಆಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತು. ಒಂದು ಹಂತದಲ್ಲಿ ತಲೆ ನೆಲಕ್ಕೆ ತಾಗದೆ ಇಪ್ಪತ್ತು ಸಲ ಬಿದ್ದ ಹೊರತು ಮುಂದಿನದಕ್ಕೆ ಹೋಗಬೇಡಿ. ಹೆದರಿದವರು ಬೀಳುವಾಗ ಕೈಯನ್ನು ಹಿಂದಕ್ಕೆ ಊರುತ್ತಾರೆ. ಇಡೀ ದೇಹದ ಭಾರ ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯಬಹುದು. ಬೀಳುವುದನ್ನು ತಡೆಯಲು ಹೋದಷ್ಟೂ ಪೆಟ್ಟು ಹೆಚ್ಚು. ಇದನ್ನು ಬೆನ್ನು, ತೋಳು ಅರಿಯಬೇಕು, ಬಾಯಿಮಾತಿನಲ್ಲಿ ಬರುವುದಿಲ್ಲ.

ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ತೆರೆದು ಜೂಡೋ ರೂಪಿಸುವಾಗ ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಸೆಣಸಾಟದಿಂದ ಹೊರಗಿಟ್ಟರು. ಅದರಿಂದಲೇ ಪೂರ್ತಿ ಬಲ ಹಾಕಿ ಸೆಣಸಿಯೂ ನಾಳೆ ಅದೇ ಜೊತೆಗಾರನೊಡನೆ ಮತ್ತೆ ಅಭ್ಯಾಸ ಮಾಡಬಹುದು. ಜಿತಾ ಕ್ಯೊಯೆಯ್, ಅಂದರೆ ತಾನೂ ಪರರೂ ಕೂಡಿ ಏಳಿಗೆಯಾಗುವುದು ಎಂಬ ಅವರ ತತ್ವ ಮ್ಯಾಟ್ ಮೇಲೆ ಕಾಣುವುದು ಇಲ್ಲಿ: ಎಸೆದವನು ಬೀಳುವವನ ತೋಳನ್ನು ಬಿಡದೆ ಮೇಲಕ್ಕೆ ಎಳೆದು ಹಿಡಿಯುತ್ತಾನೆ, ತಲೆ ನೆಲಕ್ಕೆ ಬಡಿಯದಿರಲಿ ಎಂದು. ಒಂಟಿತನದಲ್ಲಿ ಬೆಂದವರಿಗೆ ಆ ಹಿಡಿತ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

ಎಚ್ಚರ ವಹಿಸಬೇಕಾದ ಕಡೆಗಳೂ ಇವೆ. ಮನಸ್ಸಿನ ಆರೋಗ್ಯಕ್ಕೆಂದು ಬಂದವರು ತಲೆಗೆ ಏಟು ಬೀಳುವ ಸ್ಪ್ಯಾರಿಂಗ್ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಿದುಳಿಗೆ ಪೆಟ್ಟಾದರೆ ಕಿರಿಕಿರಿ, ನಿದ್ದೆಗೇಡು, ಖಿನ್ನತೆ ಅದರಿಂದಲೇ ಶುರುವಾಗಬಹುದು. ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ವಿಪರೀತ ಬೆವರಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ತೂಕ ಇಳಿಸಲು ಬೆವರು ಹರಿಸುವುದು ಅವರಿಗೆ ಸಲ್ಲದು. ಎದೆ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಔಷಧ ತೆಗೆದುಕೊಳ್ಳುವವರ ಎದೆ ಬಡಿತ ಅಷ್ಟಾಗಿ ಏರುವುದಿಲ್ಲ, ಆದ್ದರಿಂದ ನಾಡಿ ಎಣಿಸಿ ಶ್ರಮ ಅಳೆಯಬಾರದು. ಔಷಧ, ಆಪ್ತಸಮಾಲೋಚನೆ ನಿಲ್ಲಿಸಿ ಇದನ್ನು ಹಿಡಿಯುವಂತಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ವೈದ್ಯರು ಮೊದಲು, ಇಂದೇ.

ಹಿಂಸೆ, ದೌರ್ಜನ್ಯ ಅನುಭವಿಸಿದವರಿಗೆ ಕತ್ತು ಒತ್ತುವ ಅಥವಾ ಮೇಲೆ ಕೂತು ಅದುಮುವ ಪಟ್ಟುಗಳು ಹಳೆಯದನ್ನು ಒಮ್ಮೆಲೇ ಎದುರಿಗೆ ತಂದು ನಿಲ್ಲಿಸಬಹುದು. ತರಬೇತುದಾರರಿಗೆ ಕಾರಣ ಹೇಳಬೇಕಿಲ್ಲ. "ಕತ್ತಿನ ಪಟ್ಟು ನನಗೆ ಬೇಡ" ಎಂದಷ್ಟೇ ಹೇಳಿ. ಯಾಕೆ ಎಂದು ಪಟ್ಟು ಹಿಡಿದು ಕೇಳುವವರ ಬಳಿ ಕಲಿಯಬೇಡಿ.

ಸೇರುವ ಮುನ್ನ ಒಂದು ತರಗತಿಯನ್ನು ಪೂರ್ತಿ ಕೂತು ನೋಡಿ. ಪದಕಗಳನ್ನೂ ಬೆಲ್ಟ್ ಬಣ್ಣಗಳನ್ನೂ ನೋಡುವುದು ಬೇಡ. ಯಾರಾದರೂ ಸೋಲೊಪ್ಪಿ ಕೈ ತಟ್ಟಿದಾಗ ಎದುರಾಳಿ ಎಷ್ಟು ಬೇಗ ಬಿಡುತ್ತಾನೆ, ಬಿಟ್ಟ ಮೇಲೆ ಅವನ ಮುಖ ನೋಡುತ್ತಾನೋ ಇಲ್ಲವೋ, ಅದನ್ನು ನೋಡಿ.