ಮೊದಲು ಜಾಗ, ಆಮೇಲೆ ತಾರೀಖು

ನಮ್ಮ ಬಳ್ಳಾರಿಯಲ್ಲಿ ಈಗ ಮದುವೆಯ ದಿನ ಗೊತ್ತುಮಾಡೋದು ಪುರೋಹಿತರಲ್ಲ, ಕಲ್ಯಾಣ ಮಂಟಪದ ಮ್ಯಾನೇಜರು. ಅವರ ಡೈರಿಯಲ್ಲಿ ಖಾಲಿ ಇದ್ದ ದಿನವೇ ಶುಭದಿನ. ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ ಕ್ಯಾಂಪರ್ ವ್ಯಾನ್ ನಿಲ್ಲಿಸಿ ರಾತ್ರಿ ಕಳೆಯೋ ಜಾಗದ್ದೂ ಥೇಟ್ ಇದೇ ಕತೆ. ಜನ ವಿಮಾನದ ಟಿಕೆಟ್ ಮಾಡಿಸಿ, ವ್ಯಾನಿಗೆ ಅಡ್ವಾನ್ಸ್ ಕೊಟ್ಟು, ಕೊನೆಗೆ ಜಾಗ ಹುಡುಕೋಕೆ ಕೂರುತ್ತಾರೆ. ಅಷ್ಟೊತ್ತಿಗೆ ಜಾಗ ಎಲ್ಲಿರುತ್ತೆ?

ಬರೋ ಜೂನ್‌ನಲ್ಲಿ ಹೊರಟಿರೋದು ಒಂಬತ್ತು ಜನ. ಇಲ್ಲಿಂದ ಅತ್ತೆ, ಮಾವ, ನಮ್ಮ ಯಜಮಾನರು, ನಾನು, ಮಗ. ಕ್ಯಾಲಿಫೋರ್ನಿಯಾದಲ್ಲಿ ನಮ್ಮನ್ನು ಕೂಡಿಕೊಳ್ಳೋರು ಭಾವ, ಅಕ್ಕ, ಅವರ ಇಬ್ಬರು ಮಕ್ಕಳು. ಈ ಒಂಬತ್ತು ಅನ್ನೋದು ಎತ್ತಲಾಗೂ ಹೊಂದದ ಲೆಕ್ಕ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಿನಲ್ಲಿ ಒಂದು ಸೈಟಿಗೆ, ಅಂದ್ರೆ ವ್ಯಾನ್ ನಿಲ್ಲಿಸಿ ಉಳಿಯೋ ಒಂದು ಜಾಗಕ್ಕೆ, ಆರೇ ಜನ. ಗುಂಪಿನ ಸೈಟು ಬೇಕಂದ್ರೆ ಕನಿಷ್ಠ 13 ಜನ ಇರಬೇಕು, ಅದೂ ಟೆಂಟಿನವರಿಗೆ ಮಾತ್ರ, ವ್ಯಾನ್ ಒಳಗೆ ಬಿಡೋದಿಲ್ಲ. ಹಾಗಾಗಿ ಎರಡು ವ್ಯಾನು, ಎರಡು ಸೈಟು. ಒಂದನ್ನು ಭಾವ ಓಡಿಸ್ತಾರೆ, ಇನ್ನೊಂದನ್ನು ಅಕ್ಕ.

ತಲೆ ತಿಂದದ್ದು ಬುಕಿಂಗ್ ತೆರೆಯೋ ಕ್ರಮ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಪಾರ್ಕಿನ ಮ್ಯಾದರ್ ಕ್ಯಾಂಪ್‌ಗ್ರೌಂಡು ಆರು ತಿಂಗಳು ಮುಂಚೆ, ದಿನಕ್ಕೊಂದು ತಾರೀಖಿನಂತೆ ತೆರೆಯುತ್ತೆ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡು ಹಾಗಲ್ಲ. ಪ್ರತಿ ತಿಂಗಳ 15ಕ್ಕೆ, ನಾಲ್ಕು ತಿಂಗಳಾದ ಮೇಲೆ ಶುರುವಾಗೋ ಇಡೀ ಒಂದು ತಿಂಗಳಿನ ಜಾಗ ಒಟ್ಟಿಗೆ ಬಿಡ್ತಾರೆ. ಮೇ 15ರಿಂದ ಜೂನ್ 14ರವರೆಗಿನದು ಬೇಕಂದ್ರೆ ಜನವರಿ 15. ಅಂದ್ರೆ ಕ್ಯಾನ್ಯನ್‌ನ ದಿನಗಳನ್ನು ಡಿಸೆಂಬರ್‌ನಲ್ಲೇ ಹಿಡೀಬೇಕು, ಯೊಸೆಮಿಟಿ ಸಿಗುತ್ತೋ ಇಲ್ಲವೋ ಗೊತ್ತಾಗೋ ಮೊದಲೇ. ಎರಡು ಬೇರೆ ಬೇರೆ ವಾರ ಹಿಡಿದಿಟ್ಟುಕೊಂಡು ಆಮೇಲೆ ಒಂದನ್ನು ಬಿಡೋಣ, ರದ್ದು ಮಾಡಿದರೆ ಹೋಗೋದು ಹತ್ತು ಡಾಲರ್ ತಾನೆ ಅಂತ ಯಜಮಾನರು ಅಂದ್ರು. ಅತ್ತೆ ಒಪ್ಪಲಿಲ್ಲ. "ಎರಡು ಮಂಟಪಕ್ಕ ಅಡ್ವಾನ್ಸ್ ಕೊಟ್ಟು ಒಂದು ಬಿಡಾದು ಛಲೋ ಅಲ್ಲಪ್ಪಾ, ಯಾರದರ ಮದುವಿ ನಿಲ್ತೈತಿ." ನನಗೂ ಅದೇ ಸರಿ ಅನ್ನಿಸ್ತು. ಒಂದೇ ವಾರ ಹಿಡಿದ್ವಿ: ಮೊದಲು ಕ್ಯಾನ್ಯನ್, ವಾಪಸ್ ಬರೋ ದಾರಿಯಲ್ಲಿ ಯೊಸೆಮಿಟಿ. ಈ ದಾರಿಗೆ ಟಿಯೋಗಾ ಪಾಸ್ ಅನ್ನೋ ಬೆಟ್ಟದ ರಸ್ತೆಯ ಹಂಗಿಲ್ಲ. ಆ ರಸ್ತೆ ಹಿಮ ತೆಗೆದು ಮೇ ಕೊನೆಗೆ ತೆರೀತಾರೋ ಜೂನ್‌ನಲ್ಲೋ, ವರ್ಷಕ್ಕೊಂದು ತರ. ಜೈಯಾನ್ ಪಾರ್ಕನ್ನು ಕೈಬಿಟ್ಟೆವು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ಜಾಗ ಸಿಕ್ಕ ಮೇಲೇ ವ್ಯಾನ್ ಆರಿಸಬೇಕು, ಯಾಕಂದ್ರೆ ಪ್ರತಿ ಸೈಟಿಗೂ ಉದ್ದದ ಮಿತಿ ಇದೆ. ಮ್ಯಾದರ್‌ನಲ್ಲಿ 30 ಅಡಿಗಿಂತ ಉದ್ದದ ಗಾಡಿ ನಡೆಯೋದಿಲ್ಲ. ನಾವು 25 ಅಡಿಯದಕ್ಕೆ ಮನಸ್ಸು ಮಾಡಿದ್ದೀವಿ.

ಯೊಸೆಮಿಟಿಯ ಬುಕಿಂಗು ಅಲ್ಲಿನ ಬೆಳಿಗ್ಗೆ ಏಳಕ್ಕೆ. ಅದು ಅಕ್ಕ ಮಕ್ಕಳಿಗೆ ಡಬ್ಬಿ ಕಟ್ಟೋ ಹೊತ್ತು. ಬಳ್ಳಾರಿಯಲ್ಲಿ ಆಗ ರಾತ್ರಿ ಎಂಟೂವರೆ, ಸಂಕ್ರಾಂತಿಯ ಸಜ್ಜಿ ರೊಟ್ಟಿ ಇನ್ನೂ ಬುಟ್ಟಿಯಲ್ಲಿತ್ತು. ಹೀಗಾಗಿ ಕೆಲಸ ನಮ್ಮ ಪಾಲಿಗೆ ಬಂತು. ಬುಕ್ ಮಾಡಿದವರೇ ಗುರುತಿನ ಚೀಟಿ ಹಿಡಿದು ಅಲ್ಲಿರಬೇಕು ಅನ್ನೋ ನಿಯಮ ಇದ್ದದ್ದರಿಂದ ನನ್ನ ಹೆಸರಲ್ಲೊಂದು, ಯಜಮಾನರ ಹೆಸರಲ್ಲೊಂದು ಅಕೌಂಟು. ಕಾರ್ಡಿಗೆ ವಿದೇಶಿ ವ್ಯವಹಾರ ಹಿಂದಿನ ದಿನವೇ ಚಾಲೂ ಮಾಡಿಸಿದ್ದೆ. ಸೈಟ್ ನಂಬರುಗಳ ಚೀಟಿ ಬರೆದು ಹಂಚಿಕೊಂಡಿದ್ವಿ, ಇಬ್ಬರೂ ಒಂದೇ ಸೈಟಿಗೆ ಬೀಳಬಾರದು ಅಂತ. ಎಂಟೂವರೆ ಆಗಿದ್ದೇ ತಡ, ನನ್ನ ಚೀಟಿಯ ಮೊದಲನೆಯದು ಹೋಯ್ತು, ಎರಡನೆಯದೂ ಹೋಯ್ತು, ಮೂರನೆಯದು ವೆಬ್‌ಸೈಟಿನ ಕಾರ್ಟಿಗೆ ಬಿತ್ತು. ಹಣ ಕಟ್ಟೋಕೆ ಹದಿನೈದು ನಿಮಿಷ. ಓಟಿಪಿ ಬರೋವರೆಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಯಜಮಾನರಿಗೂ ಒಂದು ಸಿಕ್ಕಿತು, ಆದರೆ ನನ್ನದರ ಪಕ್ಕದ್ದಲ್ಲ, ಅದೇ ಕ್ಯಾಂಪ್‌ಗ್ರೌಂಡಿನ ಇನ್ನೊಂದು ತುದಿಯದು. ರಾತ್ರಿಗೆ 36 ಡಾಲರ್.

ಕರೆಂಟಿನ ವಿಷಯ ಹಿರಿಯರಿಗೆ ಮೊದಲೇ ಹೇಳಿಬಿಡಿ. ಯೊಸೆಮಿಟಿಯ ಸೈಟಿನಲ್ಲಿ ಕನೆಕ್ಷನ್ ಇಲ್ಲ. ಜನರೇಟರ್ ಹಾಕೋಕೆ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಅಷ್ಟೇ. ಮಾವ ನಕ್ಕರು: "ನಮ್ಮೂರಾಗ ಹೇಳದ ತೆಗಿತಾರ, ಅಲ್ಲಿ ಹೇಳಿ ತೆಗಿತಾರ. ಅಷ್ಟ ಫರಕು." ಕರಡಿ ಕಾಟಕ್ಕೆ ಊಟದ ಸಾಮಾನು ಒಂದನ್ನೂ ಹೊರಗೆ ಬಿಡಬಾರದು ಅಂದಾಗ ಮಾತ್ರ ಅವರಿಗೆ ಆಶ್ಚರ್ಯ. ನಮ್ಮ ದರೋಜಿ ಕರಡಿಧಾಮದಲ್ಲಿ ಕರಡಿ ಕಾಣಲಿ ಅಂತ ಬಂಡೆಗೆ ಬೆಲ್ಲ ಸವರ್ತಾರಲ್ಲ! ಅತ್ತೆಯ ಶೇಂಗಾ ಚಟ್ನಿಪುಡಿ ಡಬ್ಬಿ ವ್ಯಾನಿನೊಳಗೇ ಇರುತ್ತೆ, ಕಿಟಕಿ ಹಾಕಿಕೊಂಡು.

ನಡುವಿನ ರಾತ್ರಿಗಳಿಗೆ ಭಾವನ ಸಲಹೆ ಸರ್ಕಾರಿ ಬಯಲು. ಅರಿಜೋನಾ ಕಡೆ ಬಿಎಲ್‌ಎಂ ಅನ್ನೋ ಇಲಾಖೆಯ ಜಮೀನಿನಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನದವರೆಗೆ ಪುಕ್ಕಟೆ ನಿಲ್ಲಬಹುದು, ಬುಕಿಂಗ್ ಬೇಡ. ನೀರೂ ಇಲ್ಲ, ಶೌಚಾಲಯವೂ ಇಲ್ಲ. ಅತ್ತೆಯ ಮಂಡಿನೋವು ನೆನೆಸಿಕೊಂಡು ನಾನು ಇಂಥ ವ್ಯಾನುಗಳಿಗಂತಲೇ ಇರೋ ಖಾಸಗಿ ಪಾರ್ಕೇ ಆಗಲಿ ಅಂದೆ. ನೀರು, ಕರೆಂಟು, ಬಿಸಿನೀರ ಸ್ನಾನ ಇರುತ್ತೆ, ದುಡ್ಡು ಹೆಚ್ಚಾದರೆ ಆಗಲಿ.

ಈಗ ಉಳಿದಿರೋದು ಆ ಎರಡು ಸೈಟುಗಳನ್ನು ಹತ್ತಿರ ತರೋದು. ಹೊರಡೋ ದಿನ ಹತ್ತಿರ ಬಂದಂತೆ ಜನ ರದ್ದು ಮಾಡ್ತಾರೆ, ಖಾಲಿಯಾದರೆ ತಿಳಿಸು ಅಂತ ವೆಬ್‌ಸೈಟಿನಲ್ಲಿ ಗುರುತು ಹಾಕಿಟ್ಟಿದ್ದೀನಿ. ಸಿಗದಿದ್ದರೆ ಅಡುಗೆ ಅಕ್ಕನ ವ್ಯಾನಿನಲ್ಲಿ, ಹಾಸಿಗೆ ನಮ್ಮದರಲ್ಲಿ, ನಡುವೆ ನಡೆದಾಟ ಮಕ್ಕಳದ್ದು.